ತಂತಿಯಲ್ಲಿ ಗಾಳಿಯ ಸದ್ದು

ನಮ್ಮ ವಾಯುನೌಕೆಯಲ್ಲಿ ಸಿಗರೇಟು ಸೇದಬಹುದಾದ ಜಾಗ ಒಂದೇ ಒಂದಿತ್ತು. ಅದು ನೌಕೆಯ ಒಳಗಿರಲಿಲ್ಲ. ನೌಕೆಯಿಂದ ಎಂಟುನೂರು ಮೀಟರ್ ಕೆಳಗೆ, ಉಕ್ಕಿನ ಹಗ್ಗದ ತುದಿಯಲ್ಲಿ ತೂಗಾಡುವ ಬುಟ್ಟಿಯಲ್ಲಿತ್ತು.

ಮೇಲೆ, ನೌಕೆಯ ಹೊಟ್ಟೆಯಲ್ಲಿ, ಹದಿನಾರು ಚೀಲ ಜಲಜನಕ. ಒಂದು ಕಿಡಿ ಸಾಕು. ಬೂಟಿಗೆ ಮೊಳೆ ಹೊಡೆಸುವಂತಿರಲಿಲ್ಲ, ಜೇಬಿನಲ್ಲಿ ಬೆಂಕಿಕಡ್ಡಿ ಇಟ್ಟುಕೊಳ್ಳುವಂತಿರಲಿಲ್ಲ. ಆ ಚೀಲಗಳ ಒಳಪದರವನ್ನು ದನದ ಕರುಳಿನಿಂದ ಮಾಡುತ್ತಿದ್ದರು. ಆ ಚಳಿಗಾಲ ಜರ್ಮನಿಯ ಯಾವ ಕಟುಕನ ಅಂಗಡಿಯಲ್ಲೂ ಸಾಸೇಜು ತುಂಬಲು ಕರುಳು ಸಿಗುತ್ತಿರಲಿಲ್ಲ. ಎಲ್ಲವೂ ನಮ್ಮಂಥವರ ಷೆಡ್ಡುಗಳಿಗೆ ಬರುತ್ತಿತ್ತು.

"ಲೋ ಫೋಲ್ಕರ್ಟ್, ಇದು ಯುದ್ಧದ ಹಡಗಲ್ಲ ಕಣೋ, ಸಾಸೇಜು," ಅನ್ನುತ್ತಿದ್ದ ಐಲರ್ಟ್. "ಒಳಗೆ ತುಂಬಿರೋ ಖೀಮಾ ನಾವು."

ಐಲರ್ಟ್ ಬ್ರೂಂಕನ್ ನಮ್ಮ ನೌಕೆಯಲ್ಲಿ ಹಾಯಿ ಹೊಲಿಯುವವನು. ನೌಕೆಗೆ ಹಾಯಿಯೇ ಇರಲಿಲ್ಲ. ಹುದ್ದೆಯ ಹೆಸರು ಮಾತ್ರ ಸಮುದ್ರದಿಂದ ಆಕಾಶಕ್ಕೆ ಹಾಗೇ ಬಂದಿತ್ತು. ಚೀಲಗಳ ತೂತು ಹುಡುಕಿ ತೇಪೆ ಹಾಕುವುದು, ಬುಟ್ಟಿಯನ್ನು ಇಳಿಸುವ ರಾಟೆ ನೋಡಿಕೊಳ್ಳುವುದು ಅವನ ಕೆಲಸ. ನಾನು, ಫೋಲ್ಕರ್ಟ್ ಟ್ಯಾಡನ್, ದಾರಿಯ ಲೆಕ್ಕ ಹಾಕುವ ನಾವಿಕ. ಇಬ್ಬರೂ ವೇಸರ್ ನದಿಯ ದಡದ ಒಂದೇ ಊರಿನವರು. ಯುದ್ಧಕ್ಕೆ ಮೊದಲು ಒಂದೇ ಹಡಗಿನಲ್ಲಿ ಚಿಲಿಯಿಂದ ಗೊಬ್ಬರದ ಉಪ್ಪು ತರುತ್ತಿದ್ದೆವು. ಒಮ್ಮೆ ಚಿಲಿಯ ದಕ್ಷಿಣದ ತುದಿಯಲ್ಲಿ ಅಲೆಯೊಂದು ನನ್ನನ್ನು ಹೊತ್ತುಕೊಂಡು ಹೊರಟಾಗ ಅವನು ನನ್ನ ಕೊರಳಪಟ್ಟಿ ಹಿಡಿದು ಎಳೆದಿದ್ದ. ಪಟ್ಟಿ ಹರಿದಿತ್ತು. ಸಂಜೆ ಅವನೇ ಹೊಲಿದು ಕೊಟ್ಟ.

ನನ್ನ ಬಳಿ ನಾವಿಕನ ಪತ್ರವಿತ್ತು. ಎರಡು ಚಳಿಗಾಲ ಓದಿ, ಪರೀಕ್ಷೆ ಬರೆದು, ಮೊಹರು ಹಾಕಿಸಿಕೊಂಡದ್ದು. ನಮ್ಮ ಊರಿನಲ್ಲಿ ಆ ಕಾಗದಕ್ಕೆ ಗಾಜು ಹಾಕಿಸಿ ಮದುವೆಯ ಪಟಕ್ಕಿಂತ ಮೇಲೆ ತೂಗುಹಾಕುತ್ತಾರೆ. ನನ್ನ ಅಪ್ಪ ಮೂವತ್ತು ವರ್ಷ ಹಗ್ಗ ಎಳೆದ, ಪತ್ರವಿಲ್ಲದೆ ಸತ್ತ. ಹೆಂಡದಂಗಡಿಯಲ್ಲಿ ಒಲೆಯ ಪಕ್ಕದ ಬೆಂಚು ಪತ್ರವಿದ್ದವರಿಗೆ. ಅಪ್ಪ ಬಾಗಿಲ ಬಳಿ ಕೂರುತ್ತಿದ್ದ. ನಾನು ಒಲೆಯ ಪಕ್ಕ ಕೂತ ಮೊದಲ ದಿನ ಅಮ್ಮ ಕಿಟಕಿಯ ಹೊರಗೆ ನಿಂತು ನೋಡಿ ಹೋದಳು. ಒಳಗೆ ಬರಲಿಲ್ಲ.

ಮೋಡದ ಮೇಲೆ ಹಾರುವಾಗ ನೆಲ ಕಾಣುವುದಿಲ್ಲ. ವೇಗ ಗೊತ್ತು, ದಿಕ್ಕು ಗೊತ್ತು, ಹೊರಟು ಎಷ್ಟು ಹೊತ್ತಾಯಿತು ಗೊತ್ತು. ಗಾಳಿ ಮಾತ್ರ ಗೊತ್ತಿಲ್ಲ. ನೂರೈವತ್ತು ಮೀಟರ್ ಉದ್ದದ ಸಾಸೇಜನ್ನು ಗಾಳಿ ಎತ್ತ ತಳ್ಳುತ್ತಿದೆ, ಎಷ್ಟು ತಳ್ಳುತ್ತಿದೆ ಎಂದು ಊಹಿಸುವುದಕ್ಕೇ ನನಗೆ ಸಂಬಳ. ಊಹೆ ಕೈಕೊಟ್ಟಾಗ ಬುಟ್ಟಿ. ಮೀನಿನ ಆಕಾರದ, ಅಲ್ಯೂಮಿನಿಯಂ ತಗಡಿನ ಬುಟ್ಟಿ. ಒಳಗೆ ಬೋರಲು ಮಲಗಬೇಕು. ಒಂದು ದಿಕ್ಸೂಚಿ, ಒಂದು ಪುಟ್ಟ ನಕ್ಷೆ, ಒಂದು ಫೋನು. ನೌಕೆ ಮೋಡದೊಳಗೆ ಅಡಗಿರುತ್ತದೆ. ಬುಟ್ಟಿಯಲ್ಲಿರುವವನು ಮೋಡದ ಕೆಳಗೆ ತೂಗಾಡುತ್ತ, ಕಂಡದ್ದನ್ನು ಫೋನಿನಲ್ಲಿ ಮೇಲಕ್ಕೆ ಹೇಳುತ್ತಾನೆ.

ಫೋನಿಗೊಂದು ನಿಯಮವಿತ್ತು. ಕೆಳಗಿನವನು ಏನು ಹೇಳಿದರೂ ರಾಟೆಯವನು ಒಂದಕ್ಷರ ಬಿಡದೆ, ಗಟ್ಟಿಯಾಗಿ, ಏಣಿಯ ಬಾಯಿಗೆ ಬಗ್ಗಿ ಕೂಗಬೇಕು. ಏಣಿಯ ಬುಡದಲ್ಲಿ ಕ್ಯಾಪ್ಟನ್ನರ ಕೋಣೆ. ಅಲ್ಲಿ ಲೆಫ್ಟಿನೆಂಟ್ ವೀಗಾಂಡ್ ಪುಸ್ತಕ ಹಿಡಿದು ನಿಂತು, ಕೂಗಿದ್ದನ್ನು ಗಂಟೆ ನಿಮಿಷದೊಂದಿಗೆ ಬರೆದುಕೊಳ್ಳುತ್ತಿದ್ದರು. ಹೇಳಿದವನ ಕಿವಿಗೂ ತನ್ನ ಮಾತು ತಿರುಗಿ ಬೀಳಬೇಕು. ಹಾಯಿಹಡಗಿನ ಕಾಲದ ಪದ್ಧತಿ. ಯೋಚಿಸಬಾರದು, ತಿದ್ದಬಾರದು, ಕೂಗಬೇಕು. ಒಮ್ಮೆ ನಾನು ಕೆಳಗೆ ಸೀನಿದೆ. ಐಲರ್ಟ್ ಮೇಲಿನಿಂದ "ಆಕ್ಷೀ!" ಎಂದು ಕೂಗಿದ. ವೀಗಾಂಡ್ ಅದನ್ನೂ ಬರೆದರು.

ರಾಟೆಯ ಪಕ್ಕದಲ್ಲಿ ಗೋಡೆಗೆ ಒಂದು ಕೊಡಲಿ. ಬುಟ್ಟಿ ಮರಕ್ಕೋ ಚರ್ಚಿನ ಗೋಪುರಕ್ಕೋ ಸಿಕ್ಕಿಕೊಂಡರೆ ನೌಕೆಯೇ ಕೆಳಗೆ ಬರುತ್ತದೆ. ಆಗ ಹಗ್ಗ ಕಡಿಯಬೇಕು. ಹದಿನೆಂಟು ಜನರನ್ನು ಉಳಿಸಲು ಒಬ್ಬನನ್ನು ಬಿಡಬೇಕು. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ, ಐಲರ್ಟ್ ಒಬ್ಬನನ್ನು ಬಿಟ್ಟು.

"ಹೆದರ್ಬೇಡ ಕಣೋ. ಎಲ್ಲಾ ಚಾಕು ಕತ್ತರೀನೂ ನಾನೇ ಮಸೆಯೋದು. ಇದೊಂದನ್ನ ಮಾತ್ರ ಮೊಂಡು ಮಾಡಿಟ್ಟಿದೀನಿ. ನಿನ್ನ ಹಗ್ಗ ಕಡಿಯೋಕೆ ಶುರು ಮಾಡಿದ್ರೆ ಮುಗಿಯೋ ಹೊತ್ತಿಗೆ ಯುದ್ಧ ಮುಗಿದಿರತ್ತೆ."

ಬುಟ್ಟಿಗೆ ಇಳಿಯುವವನಿಗೆ ವೀಗಾಂಡ್ ಒಂದು ತಗಡಿನ ಡಬ್ಬಿ ಕೊಡುತ್ತಿದ್ದರು. ಒಳಗೆ ಮೂರು ಬೆಂಕಿಕಡ್ಡಿ. ಹತ್ತಿಪ್ಪತ್ತು ನಿಮಿಷದ ಸುಖ. ನಾನು ಮೇಲೆ ಬರುತ್ತಿದ್ದಂತೆ ಐಲರ್ಟ್ ಮುಖ ಮುಂದೆ ಚಾಚುತ್ತಿದ್ದ.

"ಊದೋ."

ನಾನು ಅವನ ಮುಖಕ್ಕೆ ಉಸಿರು ಬಿಡುತ್ತಿದ್ದೆ. ಅವನು ಕಣ್ಣು ಮುಚ್ಚಿ, ಮೂಗಿನ ಹೊಳ್ಳೆ ಅರಳಿಸಿ ಆ ಹಳಸಲು ಹೊಗೆಯನ್ನು ಎಳೆದುಕೊಳ್ಳುತ್ತಿದ್ದ. "ಥೂ, ಎಲೆಕೋಸಿನ ವಾಸ್ನೆ. ಇನ್ನೊಂದ್ಸಲ ಊದು."

*

ಜನವರಿಯಲ್ಲಿ ನಾವು ನಾಲ್ಕನೆಯ ಸಲ ಇಂಗ್ಲೆಂಡಿಗೆ ಹೊರಟೆವು. ಹಿಂದಿನ ಮೂರು ಸಲವೂ ಮೋಡ, ಮಂಜು, ಎಂಜಿನ್ನಿನ ತೊಂದರೆ. ಬಾಂಬು ಹೊತ್ತು ಹೋಗಿ ಬಾಂಬು ಹೊತ್ತೇ ಬಂದಿದ್ದೆವು. ಪಕ್ಕದ ಷೆಡ್ಡಿನ ಕ್ಯಾಪ್ಟನ್‌ಗೆ ಆಗಲೇ ಪದಕ ಬಂದಿತ್ತು. ಊಟದ ಮನೆಯಲ್ಲಿ ಅವರು ನಮ್ಮ ಕ್ಯಾಪ್ಟನ್ ಡಾಲ್ವಿಟ್ಸ್ ಅವರನ್ನು ಎಲ್ಲರ ಮುಂದೆ ಕೇಳಿದ್ದರು: "ಡಾಲ್ವಿಟ್ಸ್, ಬಾಂಬುಗಳಿಗೆ ಹೆಸರಿಟ್ರಾ? ಇಷ್ಟು ದಿನದಿಂದ ಸಾಕ್ತಾ ಇದೀರಲ್ಲ!" ಡಾಲ್ವಿಟ್ಸ್ ನಕ್ಕರು. ಸೂಪು ಮಾತ್ರ ಹಾಗೇ ಬಿಟ್ಟು ಎದ್ದರು.

ಹವಾಮಾನದ ಚೀಟಿ ಪೂರ್ವದಿಂದ ತೆಳುಗಾಳಿ ಎಂದಿತ್ತು. ಮಧ್ಯಾಹ್ನ ಒಂದು ಗಂಟೆಗೆ ಹೊರಟೆವು. ಹೊತ್ತು ಮುಳುಗುವಾಗ ಮೋಡದ ಒಂದು ಕಿಂಡಿಯಲ್ಲಿ ಹಾಲೆಂಡಿನ ದ್ವೀಪದ ದೀಪಸ್ತಂಭ ಕಂಡಿತು: ಎರಡು ಗಿಡ್ಡ ಮಿನುಗು, ಒಂದು ಉದ್ದ. ಹನ್ನೆರಡು ನಿಮಿಷದ ಮೇಲೆ ಇನ್ನೊಂದು ಕಿಂಡಿ. ಅದೇ ದೀಪಸ್ತಂಭ, ಅದೇ ಎರಡು ಗಿಡ್ಡ, ಒಂದು ಉದ್ದ. ಆದರೆ ಈಗ ಬಲಗಡೆಗೆ ಸರಿದಿತ್ತು.

"ಕ್ಯಾಪ್ಟನ್ ಸಾಹೇಬ್ರೇ, ನಾವು ಮುಂದಕ್ಕೆ ಹೋಗ್ತಾನೇ ಇಲ್ಲ. ಗಾಳಿ ವಾಯವ್ಯದ್ದು, ಜೋರಾಗಿದೆ. ದಕ್ಷಿಣಕ್ಕೆ ತಳ್ತಾ ಇದೆ."

"ಚೀಟಿ ಪೂರ್ವ ಅನ್ನತ್ತೆ."

"ಚೀಟಿ ಬೆಳಿಗ್ಗೆ ಬರೆದಿದ್ದು, ಸಾಹೇಬ್ರೇ."

"ಟ್ಯಾಡನ್, ನೀನು ಉಪ್ಪು ಹೊರೋ ಹಡಗಿನವನು. ಅಲ್ಲಿ ಗಾಳಿ ಹೇಳಿದ ಹಾಗೆ ನೀವು. ಇಲ್ಲಿ ನಾಲ್ಕು ಎಂಜಿನ್ ಇದೆ."

ಆಮೇಲೆ ಮೋಡ ಮುಚ್ಚಿತು. ಏಳೂವರೆಗೆ ಕ್ಯಾಪ್ಟನ್ನರ ಲೆಕ್ಕದಲ್ಲಿ ನಾವು ಇಂಗ್ಲೆಂಡಿನ ಮೇಲಿದ್ದೆವು. ನನ್ನ ಲೆಕ್ಕದಲ್ಲಿ ಹಾಲೆಂಡಿನ ನಡುವೆ. ಹಾಲೆಂಡು ಯಾರ ಕಡೆಗೂ ಸೇರದ ದೇಶ. ಅದರ ಆಕಾಶಕ್ಕೆ ಕಾಲಿಡುವುದೇ ತಪ್ಪು. ನಕ್ಷೆಯ ಮೇಲೆ ಪೆನ್ಸಿಲಿನಿಂದ ನನ್ನ ಗುಣಾಕಾರದ ಗುರುತು ಹಾಕಿದೆ. ಕ್ಯಾಪ್ಟನ್ ಅದನ್ನು ನೋಡಿದರು.

"ಇಳಿದು ನೋಡು. ನೋಡಿದ ಮೇಲಾದ್ರೂ ಬಾಯಿ ಮುಚ್ತೀಯ."

ಹಿಂದಿನ ಎಂಜಿನ್ನಿನ ಮೆಕ್ಯಾನಿಕ್ ಹೊಗೆ ಕುಡಿದು ಎಚ್ಚರ ತಪ್ಪಿ ಬಿದ್ದಿದ್ದ. ವೀಗಾಂಡ್ ಅವನನ್ನು ನೋಡಲು ಹೋಗಿದ್ದರು. ಹೋಗುವ ಮುಂಚೆ ಬೆಂಕಿಕಡ್ಡಿಯ ಡಬ್ಬಿ ನನಗೆ, ಪುಸ್ತಕ ಕ್ಯಾಪ್ಟನ್‌ಗೆ ಕೊಟ್ಟಿದ್ದರು. ಏಣಿಯ ಬುಡದಲ್ಲಿ ಕ್ಯಾಪ್ಟನ್ ಒಬ್ಬರೇ ನಿಂತರು. ನೌಕೆ ತಿರುಗಿಸುವ ಚಕ್ರ ಹಿಡಿದ ಇಬ್ಬರು ಮುಂದಿದ್ದರು, ಕಿವಿಯ ಮೇಲೆ ತುಪ್ಪಳದ ಟೋಪಿ ಎಳೆದುಕೊಂಡು.

ಮೋಡ ದಾಟುವುದಕ್ಕೆ ಆರು ನಿಮಿಷ. ಬಿಳಿಯೂ ಅಲ್ಲದ ಕಪ್ಪೂ ಅಲ್ಲದ ಒದ್ದೆಯೊಳಗೆ ಇಳಿದೆ. ಆಮೇಲೆ ಥಟ್ಟನೆ ಕೆಳಗೆ ಒಂದು ಊರು. ದೀಪ ಹಚ್ಚಿದ ಊರು! ಇಂಗ್ಲೆಂಡು ದೀಪ ಆರಿಸಿ ವರ್ಷವಾಗಿತ್ತು. ಇಲ್ಲಿ ಬೀದಿದೀಪ ಉರಿಯುತ್ತಿದ್ದವು. ಮನೆಗಳ ಕಿಟಕಿಗೆ ಪರದೆ ಎಳೆದಿರಲಿಲ್ಲ. ಊಟದ ಮೇಜುಗಳು ಕಾಣುತ್ತಿದ್ದವು. ರೂಲುದೊಣ್ಣೆ ಇಟ್ಟು ಎಳೆದ ಹಾಗೆ ನೆಟ್ಟಗಿನ ಕಾಲುವೆ ಹೆಪ್ಪುಗಟ್ಟಿತ್ತು. ಅದರ ಮೇಲೆ ಲಾಟೀನುಗಳು ಜಾರುತ್ತಿದ್ದವು, ಹತ್ತಲ್ಲ, ನೂರಾರು. ಇಡೀ ಊರು ಮಂಜುಗಡ್ಡೆಯ ಮೇಲೆ ಜಾರಾಡುತ್ತಿತ್ತು.

ನಾನು ನಿಧಾನವಾಗಿ ಸಿಗರೇಟು ಹಚ್ಚಿದೆ. ಗೆದ್ದಿದ್ದೆ. ಅದನ್ನು ಮುಚ್ಚಿಡುವುದಿಲ್ಲ, ಆ ಕ್ಷಣದಲ್ಲಿ ನನಗಿದ್ದದ್ದು ಬರೀ ಲೆಕ್ಕ ಸರಿಬಂದವನ ಖುಷಿ.

"ಐಲರ್ಟ್, ಹೇಳು. ಇದು ಇಂಗ್ಲೆಂಡಲ್ಲ, ಹಾಲೆಂಡು. ದೀಪ ಉರೀತಿದೆ. ಜನ ಕಾಲುವೆ ಮೇಲೆ ಜಾರಾಡ್ತಿದಾರೆ. ಬಾಂಬು ಬೇಡ."

ಅವನು ಕೂಗಿದ. ಫೋನಿನ ತಂತಿಯಲ್ಲಿ ಪ್ರತಿ ಮಾತೂ ನನಗೆ ತಿರುಗಿ ಕೇಳಿತು, ಗಂಟೆ ಬಾರಿಸಿದ ಹಾಗೆ. "ಇದು ಇಂಗ್ಲೆಂಡಲ್ಲ, ಹಾಲೆಂಡು! ದೀಪ ಉರೀತಿದೆ! ಜನ ಕಾಲುವೆ ಮೇಲೆ ಜಾರಾಡ್ತಿದಾರೆ! ಬಾಂಬು ಬೇಡ!"

ಬುಟ್ಟಿ ಅದೇ ದಿಕ್ಕಿಗೆ ಸಾಗುತ್ತಲೇ ಇತ್ತು.

"ಐಲರ್ಟ್, ಇನ್ನೊಂದ್ಸಲ ಹೇಳು. ಬೇಡ ಅನ್ನು."

"ಬಾಂಬು ಬೇಡ!" ಈ ಸಲ ಅವನ ದನಿ ಒಡೆಯಿತು.

ಆಮೇಲೆ ನನ್ನ ಪಕ್ಕದಲ್ಲಿ ಏನೋ ಹಾದುಹೋಯಿತು. ಕಾಣಲಿಲ್ಲ, ಗಾಳಿ ಹರಿದ ಸದ್ದು, ಬುಟ್ಟಿ ಒಂದು ಸಲ ವಾಲಿತು. ಇನ್ನೊಂದು. ಮತ್ತೊಂದು. ಐದು ಎಣಿಸಿದೆ. ನನ್ನ ಮೇಲಿನಿಂದ ಬಂದು ನನ್ನನ್ನು ದಾಟಿ ಕೆಳಗೆ ಹೋದವು. ಕಾಲುವೆಯ ಮೇಲೆ ಐದು ಸಲ ಬೆಳಕಾಯಿತು. ಲಾಟೀನುಗಳು ಎರಡೂ ದಡಕ್ಕೆ ಓಡಿದವು. ನಡುವೆ ಇದ್ದವು ಓಡಲಿಲ್ಲ. ಸಿಗರೇಟು ಬೆರಳು ಸುಟ್ಟಾಗ ನನಗೆ ಎಚ್ಚರವಾಯಿತು.

ಮೇಲೆ ಬಂದೆ. ಐಲರ್ಟ್ ಮುಖ ಮುಂದೆ ಚಾಚಲಿಲ್ಲ. ರಾಟೆಗೆ ಬೀಗ ಹಾಕುತ್ತ, "ಕೂಗಿದೆ ಕಣೋ," ಅಂದ. "ಎರಡು ಸಲ ಕೂಗಿದೆ."

"ಕೇಳಿಸ್ತು," ಅಂದೆ.

ಕೆಳಗೆ ಕ್ಯಾಪ್ಟನ್ ಬರೆಯುತ್ತಿದ್ದರು: ಇಂಗ್ಲೆಂಡಿನ ಕಬ್ಬಿಣದ ಕಾರ್ಖಾನೆ, ಐದು ಬಾಂಬು, ಗುರಿ ಸರಿ.

*

ನಾಲ್ಕನೆಯ ದಿನ ಹಾಲೆಂಡಿನ ದೂರು ಬಂತು. ಏಳು ಜನ ಸತ್ತಿದ್ದರು. ಬಾಂಬಿನ ಚೂರುಗಳ ಮೇಲೆ ನಮ್ಮ ಅಕ್ಷರಗಳಿದ್ದವು. ವಿಚಾರಣೆಗೆ ಮುಖ್ಯ ಕಚೇರಿಯಿಂದ ಒಬ್ಬ ಮೇಜರ್ ಬರುತ್ತಾರೆ, ಯಾರದಾದರೂ ಒಬ್ಬರ ತಪ್ಪು ಬೇಕು ಎಂಬ ಸುದ್ದಿ ಹಬ್ಬಿತು.

"ನಿಂಗ್ಯಾಕೋ ಹೆದರಿಕೆ?" ಅಂದ ಐಲರ್ಟ್. ನಾವು ಷೆಡ್ಡಿನ ಹಿಂದೆ ಬಟಾಟೆ ಸುಲಿಯುವ ಶಿಕ್ಷೆಯಲ್ಲಿ ಕೂತಿದ್ದೆವು. ಬೂಟು ಒರೆಸದೆ ನೌಕೆ ಹತ್ತಿದ್ದಕ್ಕೆ. "ನಾನಿಲ್ವಾ? ನಾನು ಕೂಗಿದ್ದು ಕಿವುಡ ದೇವ್ರಿಗೂ ಕೇಳಿರತ್ತೆ. ಹೋಗಿ ನಿಂತ್ಕೊಂಡು ಅದನ್ನೇ ಹೇಳ್ತೀನಿ."

"ಕ್ಯಾಪ್ಟನ್ ಮುಂದೆ?"

"ಅವ್ರ ಹೆಂಡ್ತಿ ಮುಂದೇನೂ ಹೇಳ್ತೀನಿ. ಬಟಾಟೆ ದಪ್ಪಗೆ ಸುಲೀಬೇಡ, ಕಳ್ಳ. ಸಿಪ್ಪೇನೇ ನಮ್ಮ ಸೂಪು."

ಮೂರು ದಿನ ಬಿಟ್ಟು ಊಟದ ಮನೆಯ ಉದ್ದನೆಯ ಮೇಜಿಗೆ ಹಸಿರು ಬಟ್ಟೆ ಹಾಸಿ ವಿಚಾರಣೆ ನಡೆಯಿತು. ಮೇಜರ್‌ಗೆ ನೆಗಡಿಯಾಗಿತ್ತು. ಅವರ ಎದುರು ನನ್ನ ನಕ್ಷೆ. ನಾನು ಹಾಕಿದ್ದ ಗುಣಾಕಾರದ ಗುರುತು ಅಲ್ಲಿರಲಿಲ್ಲ. ಇಂಗ್ಲೆಂಡಿನ ಕರಾವಳಿಯ ಮೇಲೆ, ನನ್ನ ಕೈಬರಹದಂತೆಯೇ, ಇನ್ನೊಂದು ಗುರುತು.

"ಇದು ನಾನು ಹಾಕಿದ್ದಲ್ಲ, ಸಾಹೇಬ್ರೇ. ನಂದು ಇಲ್ಲಿತ್ತು. ರಬ್ಬರಿನಲ್ಲಿ ಉಜ್ಜಿದಾರೆ."

ಮೇಜರ್ ಬೆರಳಿನಿಂದ ಆ ಜಾಗ ಸವರಿದರು. ಕಾಗದ ಅಲ್ಲಿ ನಾರು ಎದ್ದು ತೆಳುವಾಗಿತ್ತು. ಅವರು ಬೆರಳನ್ನು ಇನ್ನೊಂದು ಸಲ ಅದೇ ಜಾಗದ ಮೇಲೆ ಎಳೆದರು. ನನ್ನ ಮುಖ ನೋಡಿದರು. ಆಮೇಲೆ ಕರವಸ್ತ್ರ ತೆಗೆದು ಮೂಗು ಸೀಟಿಕೊಂಡು, "ಕಾಗದ ಈಗೀಗ ತುಂಬಾ ಕಳಪೆ ಬರ್ತಿದೆ," ಎಂದರು.

ಐಲರ್ಟ್‌ನನ್ನು ಕರೆದರು. ಅವನು ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದ.

"ಬ್ರೂಂಕನ್, ಕೆಳಗಿನಿಂದ ಏನು ಹೇಳಿದ?"

ಅವನು ಗೋಡೆಯ ಮೇಲಿನ ಚಕ್ರವರ್ತಿಯ ಪಟ ನೋಡುತ್ತಿದ್ದ.

"ಏನೂ ಕೇಳಿಸ್ಲಿಲ್ಲ, ಸಾಹೇಬ್ರೇ. ತಂತೀಲಿ ಬರೀ ಗಾಳಿ ಸದ್ದು."

ಮೊದಲು ನನಗೆ ಅರ್ಥವೇ ಆಗಲಿಲ್ಲ. ಅವನು ಯಾವುದೋ ಬೇರೆ ರಾತ್ರಿಯ ಬಗ್ಗೆ ಮಾತಾಡುತ್ತಿದ್ದಾನೆ, ಇನ್ನೇನು ಸರಿಮಾಡಿಕೊಳ್ಳುತ್ತಾನೆ ಅಂದುಕೊಂಡೆ. ಕಾದೆ.

"ಐಲರ್ಟ್," ಅಂದೆ. "ನೀನು ಎರಡು ಸಲ ಕೂಗಿದೆ. ನಿನ್ನ ದನಿ ನಂಗೆ ಕೇಳಿಸ್ತು."

"ನೀನೇ ಹೇಳಿದೆ, ನೀನೇ ಕೇಳಿಸಿಕೊಂಡೆ," ಎಂದರು ಮೇಜರ್. "ಎಲ್ಲಾ ನಿನ್ನ ಒಂದೇ ಕಿವಿಯೊಳಗೆ."

ಡಾಲ್ವಿಟ್ಸ್ ಉಗುರು ನೋಡಿಕೊಳ್ಳುತ್ತಿದ್ದರು. ತೀರ್ಪಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ದಾರಿಯ ಲೆಕ್ಕದಲ್ಲಿ ನಾವಿಕನ ಘೋರ ತಪ್ಪು. ಪತ್ರ ರದ್ದು. ಊರಿನಲ್ಲಿ ಗಾಜಿನ ಹಿಂದಿದ್ದ ಆ ಕಾಗದವನ್ನು ಕಳಿಸಿಕೊಡುವಂತೆ ಅಮ್ಮನಿಗೆ ಕಚೇರಿಯಿಂದಲೇ ಆದೇಶ ಹೋಯಿತು. ಅವಳು ಗಾಜು ಚೌಕಟ್ಟಿನ ಸಮೇತ ಕಳಿಸಿದಳು. ಹೊರತೆಗೆಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ನನ್ನನ್ನು ಯುದ್ಧರಂಗದ ಕಂದಕಕ್ಕೆ ಅಟ್ಟಲಿಲ್ಲ. ನೌಕೆಯ ಕೆಲಸ ಬಲ್ಲವರು ಕಡಿಮೆ. ಜೊತೆಗೆ, ಬಾಯಿರುವ ಮನುಷ್ಯನನ್ನು ಕಣ್ಣೆದುರಿಗೆ ಇಟ್ಟುಕೊಳ್ಳುವುದು ಒಳ್ಳೆಯದೆಂದು ಡಾಲ್ವಿಟ್ಸ್ ಅಂದುಕೊಂಡಿರಬೇಕು. ಬರ್ಲಿನ್ನಿನಿಂದ ಹೊಸ ನಾವಿಕ ಬಂದ, ಭೂಗೋಳದ ಮೇಷ್ಟ್ರು, ನೂರೈದು ಕಿಲೋ. ಬುಟ್ಟಿ ನೋಡಿ, "ಇದರಲ್ಲಿ ನನ್ನ ಒಂದು ಕಾಲು ಹಿಡಿಸಬಹುದು," ಎಂದ. ಹಾಗಾಗಿ ಇಳಿಯುವ ಕೆಲಸ ನೌಕೆಯಲ್ಲೇ ಸಣ್ಣ ಆಳಾದ ಐಲರ್ಟ್‌ಗೆ ಬಂತು. ರಾಟೆ ನನಗೆ.

ರಾಟೆಯ ಬಳಿ ನಿಂತ ಮೊದಲ ದಿನ ಕೊಡಲಿಯನ್ನು ಗೋಡೆಯಿಂದ ತೆಗೆದು ಅಲಗಿನ ಮೇಲೆ ಹೆಬ್ಬೆರಳು ಎಳೆದೆ. ಅದರಲ್ಲಿ ಬೆಣ್ಣೆಯನ್ನೂ ಕೊಯ್ಯುವಂತಿರಲಿಲ್ಲ. ಆ ಮಾತನ್ನು ಅವನು ತಮಾಷೆಗೆ ಹೇಳಿರಲಿಲ್ಲ. ಇದು ನನಗೆ ವಿಚಾರಣೆಗಿಂತ ಹೆಚ್ಚು ನೋವು ಕೊಟ್ಟಿತು. ಮೊದಲಿನಿಂದಲೂ ಅವನು ಕಳ್ಳನಾಗಿದ್ದಿದ್ದರೆ ಸುಲಭವಾಗುತ್ತಿತ್ತು.

ಯಾಕೆ ಎಂಬುದು ಫೆಬ್ರವರಿಯಲ್ಲಿ ತಿಳಿಯಿತು, ಯಾರೂ ಹೇಳದೆ. ನೌಕೆ ಇಳಿಯುವಾಗ ನೆಲದಲ್ಲಿ ಇನ್ನೂರು ಜನ ಹಗ್ಗ ಹಿಡಿದು ಎಳೆಯುತ್ತಾರೆ. ಆ ದಿನ ಮುಂದಿನ ಹಗ್ಗದಲ್ಲಿ ಐಲರ್ಟ್‌ನ ಅಣ್ಣ ಗೆರ್ಡ್ ಇದ್ದ. ಊರಿನಲ್ಲಿ ಬ್ರೆಡ್ಡು ಮಾಡುವವನು, ಮೂರು ಮಕ್ಕಳ ತಂದೆ. ಫ್ರಾನ್ಸಿನ ಕಂದಕದಲ್ಲಿ ಒಂದೂವರೆ ವರ್ಷದಿಂದ ಇದ್ದವನು. ಹೊಸ ಸಮವಸ್ತ್ರ ತೊಟ್ಟು, ಹಗ್ಗಕ್ಕೆ ಜೋತುಬಿದ್ದು, ನನ್ನನ್ನು ಕಂಡು ನಗುತ್ತ ಕೈ ಬೀಸಿದ.

"ಫೋಲ್ಕರ್ಟ್! ನೋಡೋ, ನನ್ನನ್ನ ಇಲ್ಲಿಗೆ ಹಾಕಿದಾರೆ! ದೇವ್ರು ದೊಡ್ಡವನು!"

ನಾನೂ ಕೈ ಬೀಸಿದೆ. ಅವನಿಗೇನೂ ಗೊತ್ತಿರಲಿಲ್ಲ. ಪಕ್ಕದ ಕಿಟಕಿಯಲ್ಲಿ ಐಲರ್ಟ್ ನಿಂತಿದ್ದ. ನಾನು ತಿರುಗುವಷ್ಟರಲ್ಲಿ ಅಲ್ಲಿರಲಿಲ್ಲ.

*

ಮಾರ್ಚಿನಲ್ಲಿ ಹೊಸ ಉಕ್ಕಿನ ಹಗ್ಗ ಬಂತು. ಅದನ್ನು ಪರೀಕ್ಷಿಸಲು ಒಂದು ಹಗಲು ಸಮುದ್ರದ ಮೇಲೆ ಹಾರಿದೆವು. ಬಾಂಬಿಲ್ಲ, ಶತ್ರುವಿಲ್ಲ. ಕೆಳಗೆ ಹತ್ತಿ ಹಾಸಿದ ಹಾಗೆ ಮೋಡ, ಮೇಲೆ ಸೂರ್ಯ.

ಐಲರ್ಟ್ ಬುಟ್ಟಿಯೊಳಗೆ ಇಳಿಯಲು ಬಂದ. ಎರಡು ತಿಂಗಳಿನಿಂದ ನಾವು ಮಾತಾಡಿರಲಿಲ್ಲ. ವೀಗಾಂಡ್ ಕೊಟ್ಟ ಬೆಂಕಿಕಡ್ಡಿಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ಗೋಡೆಯ ಕೊಡಲಿ ನೋಡಿದ. ಆಮೇಲೆ ನನ್ನ ಕೈ ನೋಡಿದ. ನನ್ನ ಮುಖ ನೋಡಲಿಲ್ಲ.

"ಹಗ್ಗ ಹೊಸದು," ಅಂದೆ. "ನಿಧಾನವಾಗಿ ಬಿಡ್ತೀನಿ."

"ಹೂಂ," ಅಂದ.

ಆರುನೂರು ಮೀಟರ್ ಇಳಿದಾಗ ರಾಟೆ ಕಿರುಗುಟ್ಟಿತು. ಹೊಸ ಹಗ್ಗದ ಸುತ್ತು ಒಂದರ ಮೇಲೊಂದು ಹತ್ತಿತ್ತು. ನಿಲ್ಲಿಸಿದೆ. ಕಬ್ಬಿಣದ ಸರಳು ತೆಗೆದು ಸುತ್ತನ್ನು ಮೀಟಿ ಬಿಡಿಸತೊಡಗಿದೆ. ಪ್ರತಿ ಮೀಟಿಗೂ ಹಗ್ಗ ನಡುಗುತ್ತಿತ್ತು. ಕೆಳಗೆ, ಮೋಡದ ನಡುವೆ, ಏನೂ ಕಾಣದವನಿಗೆ ಅದು ಹೇಗೆ ಅನ್ನಿಸುತ್ತದೆಂದು ನಾನು ಯೋಚಿಸಲಿಲ್ಲ. ಆಣೆಯಿಟ್ಟು ಹೇಳುತ್ತೇನೆ, ಯೋಚಿಸಲಿಲ್ಲ.

ಕಿವಿಯ ಫೋನಿನಲ್ಲಿ ಅವನ ದನಿ ಬಂತು. "ಯಾಕೆ ನಿಲ್ಸಿದೆ?"

"ಯಾಕೆ ನಿಲ್ಸಿದೆ!" ಎಂದು ಏಣಿಯ ಬಾಯಿಗೆ ಕೂಗಿದೆ. ವೀಗಾಂಡ್ ಬರೆದುಕೊಂಡರು. ಏಣಿಯ ಬುಡದಿಂದ ಯಾವ ಆಜ್ಞೆಯೂ ಬರಲಿಲ್ಲ. ನಾನು ಮತ್ತೆ ಮೀಟಿದೆ.

"ಫೋಲ್ಕರ್ಟ್, ಕೊಡಲಿ ಮುಟ್ಬೇಡ್ವೋ."

"ಫೋಲ್ಕರ್ಟ್, ಕೊಡಲಿ ಮುಟ್ಬೇಡ್ವೋ!" ನಾಲಿಗೆ ತಾನಾಗಿ ಕೂಗಿತು. ವೀಗಾಂಡ್ ತಲೆ ಎತ್ತಿದರು. ಅವರ ಹಿಂದೆ ಮೇಷ್ಟ್ರು ನಾವಿಕ ನಕ್ಷೆಯಿಂದ ಕಣ್ಣು ಎತ್ತಿದ.

"ನೀನು ಅದನ್ನ ಮಸೆದಿದೀಯ, ನಂಗೊತ್ತು. ನಿನ್ನ ಜಾಗದಲ್ಲಿ ಇದ್ದಿದ್ರೆ ನಾನೂ ಮಸೀತಿದ್ದೆ. ಕೇಳೋ ಇಲ್ಲಿ. ನಂಗೆಲ್ಲಾ ಕೇಳಿಸಿತ್ತು. ನೀನು ಹಾಲೆಂಡು ಅಂದೆ, ಬೇಡ ಅಂದೆ. ಎರಡು ಸಲಾನೂ ನಾನು ಕೂಗಿದೆ. ಕ್ಯಾಪ್ಟನ್ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿಸ್ಕೊಂಡ್ರು, ಆಮೇಲೆ ಬಾಂಬಿನ ಹಿಡಿ ಎಳೆದ್ರು. ವಿಚಾರಣೆ ಹಿಂದಿನ ದಿನ ಕರೆದು, ನಿನ್ನಣ್ಣ ಯಾವ ರೆಜಿಮೆಂಟು ಅಂತ ಕೇಳಿದ್ರು. ಅಷ್ಟೇ ಕೇಳಿದ್ದು. ನಾನೇನ್ ಮಾಡ್ಲೋ? ಮೂರು ಮಕ್ಕಳು ಕಣೋ ಅವನಿಗೆ."

ಇದು ನನ್ನೊಬ್ಬನ ಕಿವಿಗೆ ಹೇಳಿದ್ದು. ನಿಯಮ ಅವನಿಗೆ ಮರೆತುಹೋಗಿತ್ತು. ಭಯದಲ್ಲಿ ನಾವು ಮತ್ತೆ ಆ ಉಪ್ಪಿನ ಹಡಗಿನಲ್ಲಿದ್ದೆವು, ಅವನ ಕೈಯಲ್ಲಿ ನನ್ನ ಕೊರಳಪಟ್ಟಿ ಇತ್ತು. ಮೊದಲಿನ ಮಾತುಗಳನ್ನು ಕೂಗಿದ್ದು ನಾಲಿಗೆ. ಇದನ್ನು ಕೂಗುವುದೋ ಬೇಡವೋ ಎಂದು ನನಗೆ ಯೋಚಿಸಲು ಹೊತ್ತಿತ್ತು. ಎರಡು ಉಸಿರಿನಷ್ಟು ಹೊತ್ತು. ಅಮ್ಮ ಗಾಜನ್ನು ಹುಲ್ಲಿನಲ್ಲಿ ಸುತ್ತಿ ಕಳಿಸಿದ್ದು ನೆನಪಾಯಿತು.

ಏಣಿಯ ಬಾಯಿಗೆ ಬಗ್ಗಿ ಕೂಗಿದೆ.

"ನಂಗೆಲ್ಲಾ ಕೇಳಿಸಿತ್ತು! ನೀನು ಹಾಲೆಂಡು ಅಂದೆ, ಬೇಡ ಅಂದೆ! ಎರಡು ಸಲಾನೂ ನಾನು ಕೂಗಿದೆ! ಕ್ಯಾಪ್ಟನ್ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿಸ್ಕೊಂಡ್ರು!"

"ಟ್ಯಾಡನ್, ನಿಲ್ಸು," ಎಂದರು ಡಾಲ್ವಿಟ್ಸ್ ಏಣಿಯ ಬುಡದಿಂದ.

"ಆಮೇಲೆ ಬಾಂಬಿನ ಹಿಡಿ ಎಳೆದ್ರು! ವಿಚಾರಣೆ ಹಿಂದಿನ ದಿನ ಕರೆದು, ನಿನ್ನಣ್ಣ ಯಾವ ರೆಜಿಮೆಂಟು ಅಂತ ಕೇಳಿದ್ರು! ಅಷ್ಟೇ ಕೇಳಿದ್ದು! ನಾನೇನ್ ಮಾಡ್ಲೋ! ಮೂರು ಮಕ್ಕಳು ಕಣೋ ಅವನಿಗೆ!"

ಚಕ್ರ ಹಿಡಿದ ಇಬ್ಬರ ಟೋಪಿಯೂ ಆ ದಿನ ಕಿವಿಯ ಮೇಲಿರಲಿಲ್ಲ, ಬಿಸಿಲಿತ್ತು. ಆದರೆ ಇಬ್ಬರೂ ತಿರುಗಲಿಲ್ಲ. ಮೇಷ್ಟ್ರು ನಾವಿಕ ಪೆನ್ಸಿಲಿನ ಮೊನೆ ಪರೀಕ್ಷಿಸುತ್ತಿದ್ದ. ವೀಗಾಂಡ್ ಅವರ ಪೆನ್ಸಿಲು ಕಾಗದದಿಂದ ಒಂದು ಬೆರಳು ಮೇಲಿತ್ತು. ಅವರು ಪ್ರಾಮಾಣಿಕ ಮನುಷ್ಯ, ಸೀನಿದ್ದನ್ನೂ ಬರೆದವರು. ನಾನು ಅವರನ್ನೇ ನೋಡುತ್ತಿದ್ದೆ. ಅವರು ಬರೆದರೆ ಅದು ದಾಖಲೆ. ದಾಖಲೆಯಾದರೆ ಇನ್ನೊಂದು ವಿಚಾರಣೆ, ನನ್ನ ಪತ್ರ.

"ಕ್ಯಾಪ್ಟನ್ ಸಾಹೇಬ್ರೇ," ಎಂದರು ವೀಗಾಂಡ್, "ಏನು ಬರೀಲಿ?"

ಅವರು ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಬರೆಯುವವರು ಕೇಳುವುದಿಲ್ಲ.

"ಏನು ಕೇಳಿಸ್ತೋ ಅದನ್ನ ಬರೀರಿ," ಎಂದರು ಡಾಲ್ವಿಟ್ಸ್. "ತಂತೀಲಿ ಗಾಳಿ."

ವೀಗಾಂಡ್ ಗಡಿಯಾರ ನೋಡಿದರು. ಹನ್ನೊಂದು ಇಪ್ಪತ್ತು ಎಂದು ಬರೆದು, ಮುಂದೆ ಎರಡು ಪದ ಬರೆದರು. ಸುಂದರವಾದ ಕೈಬರಹ ಅವರದು.

ನಾನು ಕೂಗಿದ್ದೆಲ್ಲ ಅವನಿಗೆ ತಿರುಗಿ ಕೇಳಿಸಿರಬೇಕು, ಗಂಟೆ ಬಾರಿಸಿದ ಹಾಗೆ. ಕಿವಿಯ ಫೋನಿನಲ್ಲಿ, ತುಂಬಾ ಮೆಲ್ಲಗೆ:

"ಎಲ್ಲಾನೂ ಕೂಗಿಬಿಟ್ಯಾ?"

"ಎಲ್ಲಾನೂ ಕೂಗಿಬಿಟ್ಯಾ!" ಎಂದು ಕೂಗಿದೆ.

ಸುತ್ತು ಬಿಡಿಸಿ ಅವನನ್ನು ಮೇಲಕ್ಕೆ ಎಳೆದುಕೊಂಡೆ. ಮೋಡದ ನೀರಿನಿಂದ ಅವನ ಮುಖವೆಲ್ಲ ಒದ್ದೆಯಾಗಿತ್ತು. ಬುಟ್ಟಿಯಿಂದ ಹತ್ತುವಾಗ ಕೈ ಕೊಟ್ಟೆ, ಹಿಡಿದುಕೊಂಡ. ಗೋಡೆಯ ಬಳಿ ಹೋಗಿ ಕೊಡಲಿಯ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಅಲಗು ಅವನು ಬಿಟ್ಟುಹೋದ ಹಾಗೇ ಮೊಂಡಾಗಿತ್ತು. ಆಮೇಲೆ ಏಣಿಯಿಳಿದು ವೀಗಾಂಡ್‌ಗೆ ಡಬ್ಬಿ ಕೊಟ್ಟ. ಅವರು ತೆರೆದು ಎಣಿಸಿದರು. ಮೂರು ಕಡ್ಡಿಯೂ ಇದ್ದವು.

ಇಳಿಯುವಾಗ ಮುಂದಿನ ಹಗ್ಗದಲ್ಲಿ ಗೆರ್ಡ್ ಇದ್ದ. ಕೈ ಬೀಸಿದ. ಒಂಬತ್ತು ದಿನದ ಮೇಲೆ ಇರಲಿಲ್ಲ. ಹಳೆಯ ರೆಜಿಮೆಂಟಿಗೆ ವಾಪಸ್ಸು ಕಳಿಸಿದ್ದರು. ಬಾಯಿ ನಿಲ್ಲದವನಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂದು ಡಾಲ್ವಿಟ್ಸ್‌ಗೆ ಯಾವ ನಿಯಮವೂ ಹೇಳಿರಲಿಲ್ಲ. ನನ್ನ ನಾವಿಕನ ಪತ್ರ ತಿರುಗಿ ಬರಲಿಲ್ಲ. ಅಮ್ಮ ಬರೆದಿದ್ದಳು, ಗೋಡೆಯ ಮೇಲೆ ಆ ಜಾಗದಲ್ಲಿ ಬಣ್ಣ ಬೇರೆಯಾಗಿ ಕಾಣುತ್ತದೆ, ಕ್ಯಾಲೆಂಡರು ತೂಗುಹಾಕಿದ್ದೇನೆ ಎಂದು.

ಈಗಲೂ ಬುಟ್ಟಿಯಲ್ಲಿ ಇಳಿಯುವವನು ಅವನೇ, ರಾಟೆ ನನ್ನದೇ. ಕೆಳಗಿನಿಂದ ಅವನು ಅಂಕಿಗಳನ್ನು ಮಾತ್ರ ಹೇಳುತ್ತಾನೆ. ದಿಕ್ಕು ಇನ್ನೂರ ಎಪ್ಪತ್ತು. ಎತ್ತರ ಒಂಬೈನೂರು. ನಾನು ಕೂಗುತ್ತೇನೆ, ವೀಗಾಂಡ್ ಬರೆದುಕೊಳ್ಳುತ್ತಾರೆ. ಅಂಕಿಗಳ ನಡುವೆ ತಂತಿಯಲ್ಲಿ ಅವನು ಉಸಿರಾಡುವುದು ಕೇಳಿಸುತ್ತದೆ, ಒಮ್ಮೊಮ್ಮೆ ಕಡ್ಡಿ ಗೀರಿದ ಸದ್ದೂ. ಅದನ್ನು ನಾನು ಕೂಗುವುದಿಲ್ಲ.